ಗಿರ್ಮಿಟ್ ಮೆತ್ತಗಾಗುವ ಮೊದಲು

ಅವರು ಬೌಂಡರಿಯ ಆಚೆಯಿಂದ "ನೋ ಬಾಲ್!" ಎಂದು ಕೂಗಿದರೆ ಅಂಪೈರ್‌ನ ಕೈ ತಾನಾಗಿಯೇ ಅರ್ಧ ಏಳುತ್ತಿತ್ತು. ಕೂಗಿದ್ದು ಯಾರೆಂದು ಆಮೇಲೆ ನೆನಪಾಗಿ ಆತ ಕೈ ಇಳಿಸಿಕೊಳ್ಳುತ್ತಿದ್ದ. ಐದಡಿ ಮುಟ್ಟದ ಎತ್ತರ, ಇಳಕಲ್ ಸೀರೆಯ ಮೇಲೆ ಗಂಡಸರ ಮಳೆಕೋಟು, ಕಾಲಿಗೆ ಓಟಗಾರರ ಬೂಟು. ಎಪ್ಪತ್ತು ದಾಟಿದ ಹೆಂಗಸರಲ್ಲಿ ಮಡಿಸುವ ಕುರ್ಚಿಯನ್ನು ತಾವೇ ಹೊತ್ತು ಬಸ್ಸು ಹತ್ತುತ್ತಿದ್ದವರನ್ನು ನಾನು ಬೇರೆ ಕಂಡಿಲ್ಲ.

ಹೆಸರು ಬರೆಯುವುದಿಲ್ಲ. ಅವರ ಬಗ್ಗೆ ಯಾರಾದರೂ ಎದುರಿಗೇ ನಾಲ್ಕು ಒಳ್ಳೆಯ ಮಾತು ಆಡಲು ಶುರುಮಾಡಿದರೆ "ನಾ ಇನ್ನೂ ಇಲ್ಲೇ ಕೂತೀನಲ್ರೀ, ಸತ್ತ ಮ್ಯಾಲೆ ಆಡ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಕಳೆದ ಫೆಬ್ರವರಿಯಲ್ಲಿ ತೀರಿಕೊಂಡರು. ಆದ್ದರಿಂದ ಈಗ ಆಡಬಹುದು. ಆಟಗಾರರಿಗೆಲ್ಲ ಅವರು ಡಾಕ್ಟರ್ ಬಾಯಾರು. ಅವರು ಧಾರವಾಡದ ಕಡೆಯವರು; ಅಲ್ಲಿ, ಓದಿದ ಹೆಂಗಸರನ್ನು ಬಾಯಾರು ಎಂದು ಕರೆಯುವುದುಂಟು. ನಾನು ಮೇಡಂ ಎನ್ನುತ್ತಿದ್ದೆ. ಅವರಿಗೆ ನಾನು ಕೊನೆಯವರೆಗೂ ಬರೀ "ಮೈಸೂರವರು."

ವಾಯವ್ಯ ಲಂಡನ್ನಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಇಬ್ಬರೂ ಕೆಲಸ ಮಾಡಿದೆವು. ನಾನು ನೆಲಮಾಳಿಗೆಯ ಎಕ್ಸ್‌ರೇ ವಿಭಾಗದಲ್ಲಿ, ಅವರು ಮೇಲೆ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಅವರಿಗೊಂದು ಪದ್ಧತಿ ಇತ್ತು. ಮದ್ದು ಕೊಡುವ ಮೊದಲು ಪ್ರತಿ ರೋಗಿಯನ್ನೂ "ಎಚ್ಚರ ಆದ ಮೇಲೆ ಏನು ತಿನ್ನಬೇಕು ಅನಿಸುತ್ತಿದೆ?" ಎಂದು ಕೇಳುತ್ತಿದ್ದರು. ಆಪರೇಷನ್ ಮುಗಿದು ರೋಗಿ ಕಣ್ಣು ಬಿಡುವ ಹೊತ್ತಿಗೆ ಕಿವಿಯ ಹತ್ತಿರ ಬಾಗಿ ಅದೇ ತಿಂಡಿಯ ಹೆಸರು ಹೇಳಿ ಎಬ್ಬಿಸುತ್ತಿದ್ದರು. ಇಂಗ್ಲಿಷ್ ಮುದುಕನಿಗೆ ಮೀನು ಆರಿಹೋಗುತ್ತಿದೆ ಎನ್ನುವರು. ತಮಿಳು ಅಜ್ಜಿಗೆ ದೋಸೆ ಹೆಂಚಿನ ಮೇಲಿದೆ ಎನ್ನುವರು. ಪಾಪ, ಅಂಥ ಸ್ಥಿತಿಯಲ್ಲಿ ಯಾರಿಗೂ ಒಂದು ತುತ್ತೂ ಕೊಡುವ ಹಾಗಿರಲಿಲ್ಲ. ಇದು ಮೋಸವಲ್ಲವೇ ಎಂದು ಒಮ್ಮೆ ಕೇಳಿದೆ.

"ಮೋಸ ಹ್ಯಾಂಗ ಆಗ್ತದ? ಎದ್ರಲ್ಲ!" ಎಂದರು. "ನಿದ್ದಿ ಮಾಡಿಸೋದು ಯಾರಿಗರೆ ಬರ್ತದ್ರೀ. ಎಬ್ಬಿಸೋದದಲ್ಲ, ಅದಕ್ಕ ಸರ್ಕಾರ ನನಗ ಪಗಾರ ಕೊಡೋದು."

ನಿವೃತ್ತಿಯ ನಂತರ ನಾವು ಎದುರಾಳಿಗಳಾದೆವು. ಇಲ್ಲಿ ಬೇಸಿಗೆಯ ಭಾನುವಾರಗಳಂದು ಪಾರ್ಕುಗಳಲ್ಲಿ ನಡೆಯುವ ಕ್ರಿಕೆಟ್ ಲೀಗಿನಲ್ಲಿ ಕನ್ನಡದವರ ತಂಡಗಳು ಎರಡು. ಕಿಂಗ್ಸ್‌ಬರಿ ಬಡಾವಣೆಯದು ಆಸ್ಪತ್ರೆಯವರ ತಂಡ. ಆಡುವವರು, ನೋಡುವವರು, ಬೈಯುವವರು ಹೆಚ್ಚಿನಂಶ ಡಾಕ್ಟರರು ಮತ್ತು ಅವರ ಮನೆಯವರು. ಪಿನ್ನರಿನದು ಬೆಂಗಳೂರಿನಿಂದ ಬಂದ ಕಂಪ್ಯೂಟರ್‌ನವರ ತಂಡ. ನಾನು ಡಾಕ್ಟರನಾದರೂ ಮನೆ ಪಿನ್ನರಿನಲ್ಲಿದ್ದುದರಿಂದ ಅಲ್ಲಿ ಸೇರಿದೆ. ಮುಂದೆ ಅದರ ಅಧ್ಯಕ್ಷನೂ ಆದೆ. ಅಂದಿನಿಂದ ನಾನು ಅವರ ಬಾಯಲ್ಲಿ ಪಕ್ಷಾಂತರಿ. "ಓಟು ನಮ್ಮದು, ಕುರ್ಚಿ ಅವರದು," ಎಂದು ನನ್ನನ್ನು ಹೊಸಬರಿಗೆ ಪರಿಚಯಿಸುತ್ತಿದ್ದರು.

ಈ ಎರಡು ತಂಡಗಳ ನಡುವೆ ಒಂದು ನಿಯಮ ಬೆಳೆದುಬಂದಿತ್ತು. ಎರಡು ಇನ್ನಿಂಗ್ಸ್‌ಗಳ ನಡುವಿನ ಟೀ ವಿರಾಮದಲ್ಲಿ ತಿಂಡಿ ಕೊಡುವುದು ಮೈದಾನದವರ ಕೆಲಸ. ಹೊರಗಿನಿಂದ ಬಂದ ತಂಡ ಮೊದಲು ತಿನ್ನಬೇಕು. ಮನೆಯ ತಂಡ ಉಳಿದದ್ದನ್ನು ತಿನ್ನಬೇಕು. ಕಿಂಗ್ಸ್‌ಬರಿಯ ಮೈದಾನದಲ್ಲಿ ತಿಂಡಿ ಎಂದರೆ ಮೇಡಂ ಮಾಡುವ ಗಿರ್ಮಿಟ್. ಪುರಿ ಒಂದು ಕಡೆ, ಹುಣಸೆ, ಬೆಲ್ಲ, ಈರುಳ್ಳಿಯ ಒಗ್ಗರಣೆ ಇನ್ನೊಂದು ಕಡೆ, ಪಕ್ಕದಲ್ಲಿ ಮೆಣಸಿನಕಾಯಿ ಭಜಿ. ಮೊದಲೇ ಕಲಸಿಟ್ಟರೆ ಪುರಿ ಮೆತ್ತಗಾಗುತ್ತದೆ. ಅದಕ್ಕೆ ಕೊನೆಯ ಓವರ್ ಶುರುವಾದಾಗಲೇ ಅವರು ಕುರ್ಚಿ ಬಿಟ್ಟು ಏಳುತ್ತಿದ್ದರು. ಮೈದಾನದಲ್ಲಿ ಲೆಕ್ಕ ತಪ್ಪಿದವರು ಅವರ ಕುರ್ಚಿ ಖಾಲಿಯಾದದ್ದು ನೋಡಿ ಕೊನೆಯ ಓವರ್ ಬಂತೆಂದು ತಿಳಿದುಕೊಳ್ಳುತ್ತಿದ್ದರು.

ಇಂಥ ಶಿಸ್ತು ನನಗೆ ಇಷ್ಟ. ಮೈಸೂರಿನ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವನು ನಾನು. ಆದರೆ ನನ್ನ ಶಿಸ್ತಿನಲ್ಲಿ ಕೂಗಾಟಕ್ಕೆ ಜಾಗವಿರಲಿಲ್ಲ. ಮೈದಾನದಲ್ಲಿ ನಾನು ದನಿ ಎತ್ತಿದ್ದೇ ಇರಲಿಲ್ಲ. "ಮೈಸೂರವರು ಚಪ್ಪಾಳೆ ಹೊಡದ್ರ ಕೈಗವಸು ಹಾಕ್ಕೊಂಡು ಹೊಡದಂಗ," ಎಂದು ಅವರು ನಗುತ್ತಿದ್ದರು.

ಇನ್ನು ಕಿಂಗ್ಸ್‌ಬರಿ ತಂಡದ ಒಬ್ಬ ಬೌಲರ್‌ನ ವಿಷಯ. ಮೇಡಂ ಬಗ್ಗೆ ಹೇಳುವಾಗ ಅವನನ್ನು ಬಿಡಲಾಗುವುದಿಲ್ಲ.

ಅವನು ಬೆಂಗಳೂರಿನವನು, ಮೂವತ್ತು ದಾಟಿದವನು. ಕಿಂಗ್ಸ್‌ಬರಿಯ ಒಂದು ಔಷಧದ ಅಂಗಡಿಯಲ್ಲಿ ಫಾರ್ಮಸಿಸ್ಟ್. ಒಂಟಿಯಾಗಿ ಫ್ಲ್ಯಾಟ್‌ನಲ್ಲಿದ್ದ. ಮಾತು ಕಡಿಮೆ. ವಾರವೆಲ್ಲ ಚೀಟಿ ನೋಡಿ ಮಾತ್ರೆ ಕೊಡುವುದು, ಭಾನುವಾರ ಬಂದು ಎಡಗೈ ಸ್ಪಿನ್ ಹಾಕುವುದು, ಅಷ್ಟೇ ಅವನ ಬದುಕು. ಚೆಂಡು ಮಾತ್ರ ಅವನ ಕೈಯಲ್ಲಿ ಬಹಳ ಮಾತಾಡುತ್ತಿತ್ತು. ನಮ್ಮ ಪಿನ್ನರಿನವರ ಅರ್ಧ ವಿಕೆಟ್‌ಗಳು ಪ್ರತಿವರ್ಷ ಅವನ ಪಾಲಾಗುತ್ತಿದ್ದವು.

ಒಂದು ಬೇಸಿಗೆಯಲ್ಲಿ ಅದು ನಿಂತಿತು. ಚೆಂಡು ಕೈಬಿಡುವ ಕ್ಷಣದಲ್ಲಿ ಬೆರಳು ಗಟ್ಟಿಯಾಗಿಬಿಡುವುದು. ಒಂದು ಎಸೆತ ಬ್ಯಾಟ್ಸ್‌ಮನ್‌ನ ತಲೆಯ ಮೇಲೆ ಹಾರಿದರೆ ಇನ್ನೊಂದು ಪಿಚ್ಚಿನ ನಡುವೆ ಎರಡು ಸಲ ಪುಟಿಯುವುದು. ಕೈಗೆ ಪೆಟ್ಟಾಗಿರಲಿಲ್ಲ. ಒಬ್ಬನೇ ಹಾಕಿದರೆ ಸರಿಯಾಗಿ ಬೀಳುತ್ತಿತ್ತು. ನಾಲ್ಕು ಜನ ನೋಡುತ್ತಿದ್ದರೆ ಇಲ್ಲ.

ಬೇರೆ ಯಾವ ತಂಡದಲ್ಲಾದರೂ ಬೈದು ಸುಮ್ಮನಾಗುತ್ತಿದ್ದರು. ಕಿಂಗ್ಸ್‌ಬರಿಯವರು ಡಾಕ್ಟರರು. ಮೂಳೆಯ ಡಾಕ್ಟರು ಭುಜ ತಿರುಗಿಸಿ ನೋಡಿದರು. ನರದ ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿ "ಇಲ್ಲಿ ಗೊತ್ತಾಗತ್ತಾ?" ಎಂದರು. ಕಣ್ಣಿನ ಡಾಕ್ಟರು ಅಕ್ಷರ ಓದಿಸಿದರು. ಮನಸ್ಸಿನ ಡಾಕ್ಟರು ಅವನನ್ನು ಮರದ ಕೆಳಗೆ ಕರೆದುಕೊಂಡು ಹೋಗಿ ಅಪ್ಪನ ಜೊತೆ ಸಂಬಂಧ ಹೇಗಿತ್ತೆಂದು ಕೇಳಿದರು. ಎದುರಾಳಿಯಾದ ನಾನೂ ಸುಮ್ಮನಿರದೆ "ಒಂದು ಸ್ಕ್ಯಾನ್ ಮಾಡಿಸಲಿ" ಎಂದೆ. ಪ್ರತಿ ಭಾನುವಾರ ಬೌಂಡರಿ ಗೆರೆಯ ಮೇಲೆ ಹೊರರೋಗಿ ವಿಭಾಗ ತೆರೆದುಕೊಳ್ಳುತ್ತಿತ್ತು. ಜೊತೆಗೆ ಎಲ್ಲರದೂ ಅಪಾರ ಕರುಣೆ. ಚೆಂಡು ಕೀಪರ್‌ನನ್ನೂ ದಾಟಿ ಬೌಂಡರಿಗೆ ಓಡಿದರೂ ಮೆಲ್ಲನೆ ಚಪ್ಪಾಳೆ. "ಪರವಾಗಿಲ್ಲ, ಪರವಾಗಿಲ್ಲ" ಎಂಬ ಮೃದು ದನಿಗಳು. ವಾರ್ಡಿನಲ್ಲಿ ಮಾತಾಡುವ ದನಿಗಳು. ಅವನು ತಲೆ ತಗ್ಗಿಸಿಕೊಂಡು ರನ್‌ಅಪ್‌ಗೆ ವಾಪಸು ಹೋಗುತ್ತಿದ್ದ.

ಆ ಋತು ಮುಗಿದ ಮೇಲೆ ವಾಡಿಕೆಯಂತೆ ಎರಡೂ ತಂಡದವರು ದಕ್ಷಿಣ ಲಂಡನ್ನಿನ ಟೂಟಿಂಗಿನ ದೋಸೆ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಅವನು ಬರಲಿಲ್ಲ. ಇನ್ನು ಆಡುವುದಿಲ್ಲ ಎಂದು ಮೆಸೇಜು ಕಳಿಸಿದ್ದ.

"ರೆಸ್ಟ್ ತಗೊಳ್ಳಲಿ ಬಿಡಿ," ಎಂದರು ಕಿಂಗ್ಸ್‌ಬರಿಯ ಕ್ಯಾಪ್ಟನ್, ಮಕ್ಕಳ ಡಾಕ್ಟರು. "ಒಂದು ವರ್ಷ ಬಿಟ್ಟು ನೋಡೋಣ."

"ಒಂದು ವರ್ಷ ಅವ ಮನಿಯೊಳಗ ಕೂತ ಅಂದ್ರ ಮತ್ತ ಹೊರಗ ಬರೂದುಲ್ಲ," ಎಂದರು ಮೇಡಂ. "ಅವಗ ಈ ಊರಾಗ ಇರೋದು ಭಾನುವಾರ ಒಂದ. ಅದನ್ನೂ ಕಳಕೊಂಡ್ರ ಏನುಳೀತು? ಅವನ್ನ ಪಿನ್ನರ್‌ದವರಿಗೆ ಕೊಟ್ಟುಬಿಡೂಣ."

ದೋಸೆ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು.

"ಬಾಯಾರೇ, ಏನ್ ಮಾತು! ನಮ್ಮ ಹುಡುಗನ್ನ ಅವರಿಗಾ?" ಎಂದರು ಮಕ್ಕಳ ಡಾಕ್ಟರು.

"ನಮಗ್ಯಾಕೆ ಮೇಡಂ?" ಎಂದ ನಮ್ಮ ಕ್ಯಾಪ್ಟನ್, ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವವನು. "ಚೆನ್ನಾಗಿದ್ದಾಗ ನಿಮ್ಗೆ, ಕೆಟ್ಟಾಗ ನಮ್ಗಾ? ಸೆಕೆಂಡ್ ಹ್ಯಾಂಡ್ ಕಾರ್ ಆದ್ರೂ ಟೆಸ್ಟ್ ಡ್ರೈವ್ ಕೊಡ್ತಾರೆ."

"ನಿನ್ನ ಬ್ಯಾಟಿಂಗ್ ನೋಡೀನಪಾ. ಅವನ ಕೆಟ್ಟ ಬಾಲಿಗೂ ನೀನ ಔಟಾಗ್ತಿ."

ನಗು ಎದ್ದಿತು; ಒಪ್ಪಿಗೆ ಏಳಲಿಲ್ಲ. ಬಿಟ್ಟುಕೊಟ್ಟರೆ ಅವನಿಗೆ ಅವಮಾನ ಎಂದು ಒಂದು ಕಡೆ, ತೆಗೆದುಕೊಂಡರೆ ನಮಗೆ ನಷ್ಟ ಎಂದು ಇನ್ನೊಂದು ಕಡೆ. ನಾನು ಅಧ್ಯಕ್ಷನಾಗಿ ನಿರ್ಧಾರ ಹೇಳಿದೆ: ನಮ್ಮದು ಕ್ರಿಕೆಟ್ ತಂಡ, ಆಸ್ಪತ್ರೆಯಲ್ಲ, ತೆಗೆದುಕೊಳ್ಳುವುದಿಲ್ಲ. ಮೇಡಂ ನನ್ನ ಕಡೆ ನೋಡಿ, "ಆಸ್ಪತ್ರಿ ಅಲ್ಲ ಅಂತನ ನಿಮ್ಮನ್ನ ಕೇಳ್ಲಿಕ್ಕತ್ತೀನಿ," ಎಂದರು. ಆಗ ನನಗೆ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ವಾಕಿಂಗಿಗೆಂದು ಪಿನ್ನರಿನ ಪಾರ್ಕಿನ ಗೇಟಿಗೆ ಹೋದರೆ ಕಂಬಕ್ಕೆ ಒರಗಿಕೊಂಡು ಅವರು ನಿಂತಿದ್ದರು. ಕಿಂಗ್ಸ್‌ಬರಿಯಿಂದ ಮೊದಲ ಬಸ್ಸಿನಲ್ಲಿ ಬಂದಿದ್ದರು.

"ಆರೂವರಿ ಅಂದ್ರ ಆರೂವರಿ. ನಿಮ್ಮನ್ನ ಹಿಡೀಲಿಕ್ಕೆ ಗಡಿಯಾರ ಒಂದಿದ್ರ ಸಾಕು," ಎಂದರು.

ನಾನು ಆಗುವುದಿಲ್ಲ ಎಂದೆ. ಮರುದಿನ ಮತ್ತೆ ಬಂದರು. ಅದರ ಮರುದಿನವೂ. ನನ್ನ ವೇಗಕ್ಕೆ ಅವರ ಕಾಲು ಸಾಲದು. ಆದರೂ ಹಿಂದುಳಿಯಲಿಲ್ಲ, ಏದುಸಿರಿನಲ್ಲೇ ವಾದಿಸುತ್ತಿದ್ದರು. ಆ ವಾರದ ಕೊನೆಗೆ ಮಂಜಿನಲ್ಲಿ ಕೊಳದ ಹತ್ತಿರ ತಡೆದು ನಿಲ್ಲಿಸಿದರು.

"ಮೈಸೂರವರೇ, ನಾವೆಲ್ಲಾ ಕೂಡಿ ಒಬ್ಬ ಆಟಗಾರನ್ನ ಪೇಶಂಟ್ ಮಾಡಿಬಿಟ್ವಿ. ಮೈದಾನಕ್ಕ ಬಂದ್ರ ಅವಗ ಎಲ್ಲಾರೂ ಕೈ ಹ್ಯಾಂಗದ ಅಂತ ಕೇಳ್ತಾರ. ಯಾರೂ ಬೈಯೂದುಲ್ಲ. ಅಷ್ಟು ಮಂದಿ ಮಂಚದ ಸುತ್ತ ನಿಂತ್ರ ಯಾವ ಪೇಶಂಟ್ ಏಳ್ತಾನ? ನಾನೂ ಅವನ್ನ ಎಬ್ಬಿಸ್ಲಿಕ್ಕೆ ಆಗಂಗಿಲ್ಲ. ನಮ್ಮವ ಅಂತ ನನಗೂ ಕರುಣಾ ಬರ್ತದ. ನಿಮ್ಮ ಕಡೆ ಹ್ವಾದ್ರ ಬರೂದುಲ್ಲ."

"ನಮ್ಮ ಕಡೆ ಏನಿದೆ ಮೇಡಂ?"

"ನಿಮ್ಮ ಹತ್ರ ಔಷಧ ಇಲ್ಲ. ಶಿಸ್ತದ. ಅವಗ ಅದ ಸಾಕು."

ನಾನು ಉಳಿದ ಸುತ್ತು ಮುಗಿಸಿದೆ. ಗೇಟಿನ ಹತ್ತಿರ ಬಂದಾಗ ಒಪ್ಪಿದೆ. ಅವರು ಒಂದೇ ಷರತ್ತು ಹಾಕಿದರು: ಪಿನ್ನರಿನಲ್ಲಿ ಯಾರೊಬ್ಬರೂ ಅವನ ಕೈಯ ಬಗ್ಗೆ ಕೇಳಬಾರದು. ನಾನೂ ಒಂದು ಹಾಕಿದೆ: ಅವನು ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬರಬೇಕು. ಅವನನ್ನು ಒಪ್ಪಿಸುವ ಕೆಲಸ ಅವರದು. ಔಷಧದ ಅಂಗಡಿಗೇ ಹೋಗಿ, ಕೌಂಟರಿನ ಮುಂದೆ ಸರತಿಯಲ್ಲಿ ನಿಂತು, ತಮ್ಮ ಬಿ.ಪಿ. ಮಾತ್ರೆಯ ಜೊತೆಗೆ ವಿಷಯ ಹೇಳಿ ಬಂದರಂತೆ. "ನಮ್ಮ ತಂಡದಿಂದ ನಿನ್ನ ತಗದು ಹಾಕೀವಿ. ಮಾರ್ಚ್‌ನಿಂದ ಭಾನುವಾರ ಪಿನ್ನರ್‌ಗೆ ಹೋಗು." ಅವನಿಗೆ ಸಿಟ್ಟು ಬಂತಂತೆ. ಅದು ಒಳ್ಳೆಯ ಲಕ್ಷಣ ಎಂದು ನನಗೆ ಫೋನ್ ಮಾಡಿದರು.

ಸಿಟ್ಟಿನಲ್ಲೇ ಬಂದ. ಚಳಿ ಇಳಿಯದ ಮಾರ್ಚಿನ ಬೆಳಗುಗಳಲ್ಲಿ, ಬೇರೆ ಯಾರೂ ಬರುವ ಮೊದಲು, ಅವನು ಖಾಲಿ ಸ್ಟಂಪ್‌ಗಳಿಗೆ ಹಾಕುವುದು, ನಾನು ಅಂಪೈರ್ ನಿಲ್ಲುವ ಜಾಗದಲ್ಲಿ ನಿಲ್ಲುವುದು. ನನ್ನ ಮಾತು ಒಂದೇ: "ಮುಂದಿನದು." ಕೆಟ್ಟದಕ್ಕೂ ಮುಂದಿನದು, ಒಳ್ಳೆಯದಕ್ಕೂ ಮುಂದಿನದು. ದಿನ ಕಳೆದಂತೆ ಒಬ್ಬೊಬ್ಬರನ್ನೇ ಬೇಗ ಬರಹೇಳಿ ನೋಡುವವರನ್ನು ಹೆಚ್ಚಿಸಿದೆ. ಕ್ಯಾಪ್ಟನ್ ಲ್ಯಾಪ್‌ಟಾಪ್ ತಂದು, "ಸರ್, ವಿಡಿಯೋ ಮಾಡಿ ಕೈಯ ಆಂಗಲ್ ನೋಡೋಣ್ವಾ?" ಎಂದಾಗ ಅದನ್ನು ಕಾರಿನಲ್ಲೇ ಇಟ್ಟು ಬರಲು ಹೇಳಿದೆ.

ಮೇ ತಿಂಗಳಿನಲ್ಲಿ ನಮ್ಮ ಪಂದ್ಯ ಕಿಂಗ್ಸ್‌ಬರಿಯ ಮೈದಾನದಲ್ಲಿ ಬಂತು. ನಾವು ಮೊದಲು ಫೀಲ್ಡಿಂಗ್. ನಮ್ಮ ಕ್ಯಾಪ್ಟನ್ ಅವನ ಕೈಗೆ ಚೆಂಡು ಕೊಟ್ಟ. ಮೊದಲ ಎಸೆತ ಕೀಪರ್‌ನ ಕೈಗೂ ಎಟುಕದೆ ಹೋಯಿತು. ಆ ಕಡೆಯಿಂದ ಹಳೆಯ ಅಭ್ಯಾಸದ ಮೆಲು ಚಪ್ಪಾಳೆ ಶುರುವಾಗುವುದರಲ್ಲಿತ್ತು. ಮೇಡಂ ಕುರ್ಚಿಯಿಂದ ಎದ್ದು ನಿಂತರು.

"ಏ ಪಿನ್ನರ್! ಅದು ಬಾಲೋ, ಪಾರಿವಾಳೋ? ಹಾರಿಸ್ಲಿಕ್ಕೆ ಬಂದೀಯೇನು?"

ಮಕ್ಕಳ ಡಾಕ್ಟರು ಗಾಬರಿಯಾಗಿ ಅವರ ತೋಳು ಹಿಡಿದರು. ಒಂದು ವರ್ಷದಿಂದ ಅವನನ್ನು ಯಾರೂ ಬೈದಿರಲಿಲ್ಲ. ಎರಡನೆಯ ಎಸೆತ ಪಿಚ್ಚಿನ ನಡುವೆ ಬಿತ್ತು. ಮೇಡಂ ತೋಳು ಬಿಡಿಸಿಕೊಂಡರು.

"ಏಳಪಾ ಏಳು! ಗಿರ್ಮಿಟ್ ಮೆತ್ತಗಾಗ್ಲಿಕ್ಕತ್ತದ!"

ಅವನು ತಿರುಗಿ ನೋಡಿದ. ಅವರು ಕೊನೆಯ ಓವರಿನ ತನಕ ಕಲಸುವುದಿಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನು. ಆರು ವರ್ಷ ಆ ಮೈದಾನದಲ್ಲಿ ಕೊನೆಗೆ ಉಳಿದದ್ದನ್ನು ತಿಂದವನು. ಅವನ ಮುಖ ಸಡಿಲವಾಯಿತು. ನಕ್ಕ. ಮೂರನೆಯ ಎಸೆತ ಬೀಳಬೇಕಾದ ಜಾಗದಲ್ಲಿ ಬಿತ್ತು.

ಅಂದು ಅವನಿಗೆ ವಿಕೆಟ್ ಸಿಗಲಿಲ್ಲ. ರನ್ನೂ ಸಾಕಷ್ಟು ಕೊಟ್ಟ. ಆದರೆ ಕೊಟ್ಟ ಓವರುಗಳನ್ನೆಲ್ಲ ಹಾಕಿ ಮುಗಿಸಿದ. ಟೀ ಹೊತ್ತಿಗೆ ಹಳೆಯ ರೂಢಿಯಂತೆ ಬಾಗಿಲ ಹತ್ತಿರ ಹಿಂದೆ ನಿಂತಿದ್ದವನನ್ನು ಮೇಡಂ ಸೌಟಿನಿಂದಲೇ ಕರೆದರು. "ಹೊರಗಿನವರು ಮೊದಲು. ನೀ ಈಗ ಹೊರಗಿನವ. ಬಾ ಮುಂದ." ತಟ್ಟೆಯ ತುಂಬ ಗರಿಗರಿ ಗಿರ್ಮಿಟ್ ಹಾಕಿ ಮೇಲೆ ಎರಡು ಭಜಿ ಇಟ್ಟರು. ಅವನು ತಟ್ಟೆ ಹಿಡಿದು ಅಲ್ಲೇ ನಿಂತ. "ಏನು ನೋಡ್ತಿ? ತಿನ್ನು. ನಮ್ಮ ಹುಡುಗರು ನಿನ್ನ ಬಾಲ್ ಬಾರಿಸಿ ಹಸದಾರ."

ಪಕ್ಷಾಂತರ ಎಂದು ಗೊಣಗುವವರು ಆ ಬೇಸಿಗೆಯಲ್ಲಿ ಮೊದಮೊದಲು ಎರಡೂ ಕಡೆ ಇದ್ದರು. ಅವನು ನಮಗೆ ವಿಕೆಟ್ ತರತೊಡಗಿದ ಮೇಲೆ ನಮ್ಮ ಕಡೆಯವರು ನಿಲ್ಲಿಸಿದರು. ಅವರ ಕಡೆಯವರು ಹೆಚ್ಚು ಮಾಡಿದರು. ಮೇಡಂ ಇಬ್ಬರಿಗೂ ಉತ್ತರ ಕೊಡುತ್ತಿದ್ದರು, ನಮ್ಮ ತಂಡ ಸೋತಾಗಲೆಲ್ಲ ನನಗೆ ಫೋನ್ ಮಾಡಿ ಸಂತೋಷ ಸೂಚಿಸುವುದನ್ನೂ ಬಿಡಲಿಲ್ಲ.

ಜನವರಿಯಲ್ಲಿ ಹೃದಯ ಸೋತು ಆಸ್ಪತ್ರೆ ಸೇರಿದರು. ನಾನು ಹೋದಾಗ ಮಂಚದ ಸುತ್ತ ಕಿಂಗ್ಸ್‌ಬರಿಯ ಡಾಕ್ಟರರೆಲ್ಲ ನಿಂತು ಅವರ ಕಾಗದ ಪತ್ರ ನೋಡುತ್ತಿದ್ದರು. ಅವರೆಲ್ಲ ಹೋದ ಮೇಲೆ ಮೇಡಂ ಕಣ್ಣು ಬಿಟ್ಟರು.

"ಹೋದ್ರಾ? ನಾ ನಿದ್ದಿ ಬಂದಂಗ ಮಾಡಿದ್ದೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಕೇಳಿದರು: "ಅವನ ಕೈ ಬಗ್ಗೆ ಯಾರೂ ಕೇಳಿಲ್ಲಲ್ಲ?"

"ಇಲ್ಲ ಮೇಡಂ."

ಡ್ರಿಪ್ ಚುಚ್ಚಿದ್ದ ಕೈಯನ್ನು ಹೊದಿಕೆಯೊಳಗೆ ಸೇರಿಸಿಕೊಂಡು, "ನನ್ನದೂ ಕೇಳಬ್ಯಾಡ್ರಿ. ಏಪ್ರಿಲ್‌ನಾಗ ಯಾರ ಮ್ಯಾಲೆ ಮೊದಲ ಮ್ಯಾಚು, ಅದು ಹೇಳ್ರಿ," ಎಂದರು.

ಕಿಂಗ್ಸ್‌ಬರಿ ಮೇಲೆ, ಅವರ ಮೈದಾನದಲ್ಲಿ. ಹೇಳಿದೆ. ತಲೆ ಅಲ್ಲಾಡಿಸಿದರು.

ಮೇಡಂ ತೀರಿಕೊಂಡು ಎರಡು ತಿಂಗಳಾದ ಮೇಲೆ, ಈ ವರ್ಷದ ಏಪ್ರಿಲ್‌ನಲ್ಲಿ, ಆ ಪಂದ್ಯ ನಡೆಯಿತು. ಮೈದಾನದವರು ಅವರ ಅಳತೆಯಲ್ಲೇ ಪುರಿ ತಂದು, ಒಗ್ಗರಣೆ ಬೇರೆ ಇಟ್ಟಿದ್ದರು. ಮಕ್ಕಳ ಡಾಕ್ಟರು ಎರಡು ಮಾತು ಹೇಳಿದರು, ಎಲ್ಲರೂ ಮೌನವಾಗಿ ನಿಂತೆವು, ಆಟ ಶುರುವಾಯಿತು. ನಾವು ಫೀಲ್ಡಿಂಗ್. ನಮ್ಮ ಮೈದಾನದಲ್ಲಿ ಹಿಂದಿನ ವಾರವಷ್ಟೇ ಚೆನ್ನಾಗಿ ಅಭ್ಯಾಸ ಮಾಡಿದ್ದ ಅವನು ಚೆಂಡು ತೆಗೆದುಕೊಂಡು ರನ್‌ಅಪ್‌ಗೆ ಹೋದ. ಅವರ ಕುರ್ಚಿ ಇರುತ್ತಿದ್ದ ಜಾಗ ಅವನಿಗೆ ನೇರ ಎದುರಿಗೆ. ಅಲ್ಲಿ ಬರೀ ಹುಲ್ಲು.

ಮೊದಲ ಎಸೆತ ಬ್ಯಾಟ್ಸ್‌ಮನ್‌ನ ತಲೆಯ ಮೇಲೆ ಹಾರಿತು. ಎರಡನೆಯದು ಹಾಕಿದವನ ಕಾಲ ಬುಡದಲ್ಲೇ ಬಿತ್ತು. ಮೂರನೆಯದಕ್ಕೆ ಓಡಿ ಬಂದವನು ಹಾಕದೆ ನಿಂತುಬಿಟ್ಟ. ಬೆರಳು ಬಿಡುತ್ತಿರಲಿಲ್ಲ.

ಬೌಂಡರಿಯ ಸುತ್ತ ಮೆಲ್ಲನೆ ಚಪ್ಪಾಳೆ ಎದ್ದಿತು. "ಪರವಾಗಿಲ್ಲ, ಪರವಾಗಿಲ್ಲ." ಅದೇ ವಾರ್ಡಿನ ದನಿಗಳು. ಈಗ ನಮ್ಮ ಪಿನ್ನರಿನವರೂ ಸೇರಿಕೊಂಡಿದ್ದರು. ಅವನು ತಲೆ ತಗ್ಗಿಸಿದ. ನಮ್ಮ ಕ್ಯಾಪ್ಟನ್ ಚೆಂಡು ವಾಪಸು ಕೇಳಲು ಅವನ ಕಡೆ ನಡೆಯತೊಡಗಿದ. ಚೆಂಡು ಈ ಸಲ ಕೈಬದಲಾದರೆ ಮುಂದಿನ ಭಾನುವಾರ ಅವನು ಬರುವುದಿಲ್ಲವೆಂದು ನನಗೆ ಖಂಡಿತ ಗೊತ್ತಿತ್ತು.

ನಾನು ಎದ್ದು, ನಮ್ಮವರ ಸಾಲನ್ನು ಬಿಟ್ಟು, ಬೌಂಡರಿ ಗೆರೆ ಸುತ್ತಿಕೊಂಡು ಆ ಕಡೆ ಬೇಗ ಬೇಗ ನಡೆದೆ. ಅವರ ಕುರ್ಚಿಯ ಜಾಗಕ್ಕೆ ಹೋಗಿ ನಿಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೈಸೂರಿನ ಹಾಸ್ಟೆಲಿನಿಂದ ಇಲ್ಲಿಯವರೆಗೆ ಒಂದು ದಿನವೂ ಕೂಗದ ಗಂಟಲು ಸರಿಮಾಡಿಕೊಂಡೆ.

"ಏ ಪಿನ್ನರ್! ಏಳಪಾ ಏಳು! ಗಿರ್ಮಿಟ್ ಮೆತ್ತಗಾಗ್ಲಿಕ್ಕತ್ತದ!"

ಮೈಸೂರವನ ಬಾಯಲ್ಲಿ ಧಾರವಾಡ ಹೇಗೆ ಕೇಳಿಸಿತೋ ಗೊತ್ತಿಲ್ಲ. ಚಪ್ಪಾಳೆ ತಟಕ್ಕನೆ ನಿಂತಿತು. ಕ್ಯಾಪ್ಟನ್ ಅರ್ಧ ದಾರಿಯಲ್ಲಿ ನಿಂತ. ಬೌಲರ್ ತಲೆ ಎತ್ತಿ ಈ ಕಡೆ ನೋಡಿದ. ನಾನು ಅವನ ಕಣ್ಣು ತಪ್ಪಿಸದೆ, ನನ್ನದೇ ಮಾತಿನಲ್ಲಿ, ನನ್ನದೇ ದನಿಯಲ್ಲಿ ಹೇಳಿದೆ:

"ಮುಂದಿನದು."

ಅವನು ತೋಳಿನಿಂದ ಮುಖ ಒರೆಸಿಕೊಂಡು ರನ್‌ಅಪ್‌ಗೆ ನಡೆದ. ತಿರುಗಿದ. ಓಡಿ ಬಂದ. ಚೆಂಡು ಕೈಬಿಟ್ಟಿತು, ಬೀಳಬೇಕಾದಲ್ಲಿ ಬಿತ್ತು, ತಿರುಗಿತು.

ಕಿಂಗ್ಸ್‌ಬರಿಯವರು ಯಾರೋ ನನ್ನ ಹಿಂದೆ ಒಂದು ಕುರ್ಚಿ ತಂದಿಟ್ಟರು. ಕುಳಿತುಕೊಂಡೆ. ಕೊನೆಯ ಓವರ್ ಶುರುವಾದಾಗ ಎದ್ದು, ಒಳಗೆ ಹೋಗಿ, ಕೈ ತೊಳೆದುಕೊಂಡು ಪುರಿ ಕಲಸಿದೆ.